ಎಲ್ಲಿ ಇಳಿಯುವುದು?

ಹೋಗುವ ಊರಿನ ಚಿಂತೆಗಿಂತ ಇಳಿಯುವ ಊರಿನ ಚಿಂತೆಯೇ ನಮಗೆ ಯಾವಾಗಲೂ ದೊಡ್ಡದು. ಕೊಲ್ಲೂರಿಗೆ ಹೊರಟರೆ ಕುಂದಾಪುರದಲ್ಲಿ ಇಳಿಯುವುದೋ, ಬೈಂದೂರಿನಲ್ಲೋ? ಮುಂದಿನ ಬಸ್ಸು ಸಿಕ್ಕೀತೇ, ಘಾಟಿಯಲ್ಲಿ ಮಕ್ಕಳು ವಾಂತಿ ಮಾಡಿಯಾರೇ, ಅತ್ತೆಯವರ ಮಂಡಿ ತಡೆದೀತೇ, ಎಲ್ಲವೂ ಲೆಕ್ಕಕ್ಕೆ ಬರಬೇಕು. ಅಮೆರಿಕಕ್ಕೆ ಹೋದರೂ ಈ ಲೆಕ್ಕ ತಪ್ಪುವುದಿಲ್ಲವೆಂದು ನನಗೆ ತಿಳಿದದ್ದು 2023ರ ಡಿಸೆಂಬರಿನಲ್ಲಿ, ಶಿಕಾಗೋದ ಮಗಳ ಮನೆಯಲ್ಲಿದ್ದಾಗ.

ರಜೆಗೆ ಕೊಲರಾಡೋ ರಾಜ್ಯದ ವೇಲ್ ಎಂಬ ಊರಿಗೆ ಸ್ಕೀಯಿಂಗ್‌ಗೆ ಹೋಗುವುದೆಂದು ನಿಶ್ಚಯವಾಗಿತ್ತು. ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟ ಅದು. ಒಂಬತ್ತು ವರ್ಷದ ಮೊಮ್ಮಗನಿಗೆ ಹಗಲಿರುಳೂ ಅದೇ ಜಪ. ಆದರೆ ವಿಮಾನ ಯಾವ ಊರಿಗೆ ಎಂಬುದು ಮಾತ್ರ ವಾರವಾದರೂ ಇತ್ಯರ್ಥವಾಗಲಿಲ್ಲ.

ಅಳಿಯಂದಿರದು ಡೆನ್ವರ್ ಪಕ್ಷ. 1995ರಲ್ಲಿ ತೆರೆದ ಭಾರೀ ನಿಲ್ದಾಣ, ಬೇಕಾದಷ್ಟು ವಿಮಾನ, ಟಿಕೆಟ್ಟೂ ಅಗ್ಗ. ಅಲ್ಲಿಂದ ಬಾಡಿಗೆ ಕಾರಿನಲ್ಲಿ ಸುಮಾರು 190 ಕಿಲೋಮೀಟರ್. ಮಗಳದು ಈಗಲ್ ಪಕ್ಷ. ಬೆಟ್ಟಗಳ ನಡುವಿನ ಸಣ್ಣ ನಿಲ್ದಾಣ. ಚಳಿಗಾಲದಲ್ಲಿ ದೊಡ್ಡ ಊರುಗಳಿಂದ ನೇರ ವಿಮಾನ ಬರುತ್ತದೆ. ವೇಲ್ ಅಲ್ಲಿಂದ 55 ಕಿಲೋಮೀಟರ್ ಅಷ್ಟೆ. ಆದರೆ ಟಿಕೆಟ್ ದುಬಾರಿ.

"ನೋಡಿ ಅತ್ತೆ, ಡೆನ್ವರಿಗೆ ಹೋದರೆ ಉಳಿಯುವ ದುಡ್ಡಿನಲ್ಲಿ ಮಗುವಿನ ಸ್ಕೀ ಪಾಠದ ಫೀಸೇ ಹೊರಡುತ್ತೆ" ಎಂದು ಅಳಿಯಂದಿರು ಕಾಗದದಲ್ಲಿ ಕೂಡಿಸಿ ತೋರಿಸಿದರು. ಮಗಳು ಉತ್ತರ ಕೊಡಲಿಲ್ಲ, ಹಟವನ್ನೂ ಬಿಡಲಿಲ್ಲ. ಕೊತ್ತಂಬರಿ ಕಟ್ಟಿಗೂ ನಾಲ್ಕು ಅಂಗಡಿ ನೋಡುವ ಹುಡುಗಿ ದುಬಾರಿ ಟಿಕೆಟ್ಟೇ ಬೇಕೆನ್ನುತ್ತಾಳೆಂದರೆ! ತಾಯಿಗೆ ಅನುಮಾನ ಬರಲು ಅಷ್ಟು ಸಾಲದೇ, ನೀವೇ ಹೇಳಿ.

ರಾತ್ರಿ ಪಾತ್ರೆ ಒರೆಸುವಾಗ ಕೇಳಿದೆ. ಹಿಂದಿನ ಚಳಿಗಾಲದಲ್ಲಿ ಆಫೀಸಿನಿಂದ ಒಬ್ಬಳೇ ಬರುವಾಗ, ರಸ್ತೆಯ ಮೇಲೆ ಕಣ್ಣಿಗೆ ಕಾಣದಂತೆ ಹೆಪ್ಪುಗಟ್ಟಿದ್ದ ಮಂಜಿನಲ್ಲಿ ಕಾರು ಬುಗುರಿಯಂತೆ ತಿರುಗಿ ನಿಂತಿತಂತೆ. ಕಾರಿಗೆ ಒಂದು ಗೀರೂ ಬೀಳಲಿಲ್ಲ. ಅಂದಿನಿಂದ ಹಿಮ ಬಿದ್ದ ರಸ್ತೆ ಎಂದರೆ ಅಂಗೈ ಬೆವರುತ್ತದಂತೆ.

"ಅವರಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಇನ್ನು ಕಾರು ಮುಟ್ಟಬೇಡ ಅಂತಾರಮ್ಮ. ಇಲ್ಲಿ ಕಾರಿಲ್ಲದೆ ನಾನು ಎಲ್ಲಿಗೆ ಹೋಗಲಿ?"

ಡೆನ್ವರಿನಿಂದ ವೇಲ್‌ಗೆ ಹೋಗುವ ಹೆದ್ದಾರಿ 11,000 ಅಡಿಗೂ ಮೇಲಿರುವ ಐಸೆನ್‌ಹೋವರ್ ಸುರಂಗವನ್ನು ಹಾದು, ಮುಂದೆ 10,600 ಅಡಿಯ ಇನ್ನೊಂದು ಕಣಿವೆಯನ್ನು ದಾಟಬೇಕು. ಶನಿವಾರ ಬೆಳಿಗ್ಗೆ ಇಡೀ ಡೆನ್ವರೇ ಆ ದಾರಿ ಹಿಡಿಯುತ್ತದೆ. ಅವಳ ಹೆದರಿಕೆ ಸುಳ್ಳಲ್ಲ. ಆದರೆ ಹವೆ ಕೆಟ್ಟರೆ ಈಗಲ್‌ಗೆ ಹೊರಟ ವಿಮಾನ ಡೆನ್ವರಿನಲ್ಲಿ ಇಳಿಯುವುದೂ ಉಂಟು. ಆಗ ಅದೇ ರಸ್ತೆ, ಅದೂ ಕೆಟ್ಟ ಹವೆಯಲ್ಲಿ!

ಅವಳ ಪರವಾಗಿ ನಾನು ಮಾತಾಡಲಿಲ್ಲ. "ನೀನೇ ಹೇಳು, ನಾನು ಪಕ್ಕದಲ್ಲಿ ಕೂತಿರ್ತೀನಿ" ಎಂದೆ. ಹೇಳಿದಳು. ಅಳಿಯಂದಿರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಒಂದು ವರ್ಷ ಇದನ್ನ ಒಬ್ಬಳೇ ಹೊತ್ಕೊಂಡಿದ್ಯಾ?" ಎಂದರು. ಕಾರಿನ ಮಾತೇ ಎತ್ತಲಿಲ್ಲ.

ಉಳಿದದ್ದನ್ನು ನನ್ನ ರಕ್ತದೊತ್ತಡ ತೀರ್ಮಾನಿಸಿತು. ವೇಲ್ ಇರುವುದು 8,000 ಅಡಿಗೂ ಮೇಲೆ. ನಮ್ಮ ಮುಳ್ಳಯ್ಯನಗಿರಿಯ ತುದಿಯೇ ಸುಮಾರು 6,300 ಅಡಿ! ಅಷ್ಟೆತ್ತರಕ್ಕೆ ಒಮ್ಮೆಲೇ ಹೋದರೆ ತಲೆನೋವು, ವಾಕರಿಕೆ ಬರಬಹುದು, ನಡುವೆ ಒಂದು ರಾತ್ರಿ ತಂಗಿ ಎಂದರು ವೈದ್ಯರು. ಡೆನ್ವರ್ 5,280 ಅಡಿ. ಅಲ್ಲಿ ತಂಗಿ, ಶನಿವಾರ ತಪ್ಪಿಸಿ, ದಿನವೂ ಅದೇ ದಾರಿಯಲ್ಲಿ ಓಡಾಡುವ ಚಾಲಕರ ವ್ಯಾನಿನಲ್ಲಿ ಹೋದೆವು. ವೇಲ್ ಊರೊಳಗೆ ಬಸ್ಸು ಪುಕ್ಕಟೆ, ಆದ್ದರಿಂದ ಬಾಡಿಗೆ ಕಾರೇ ಬೇಕಾಗಲಿಲ್ಲ.

ಸುರಂಗ ದಾಟುವಾಗ ಮಗಳ ಕೈ ನನ್ನ ಕೈಯಲ್ಲಿತ್ತು. ಬೆವರಿತ್ತು, ನಿಜ. ಆಚೆ ಬದಿಯ ಬೆಳಕಿಗೆ ಬಂದಾಗ ಅವಳೇ ಕೈ ಬಿಡಿಸಿಕೊಂಡು ಮಗನಿಗೆ ಬೆಟ್ಟ ತೋರಿಸಿದಳು. ಊರಿಗೆ ಮರಳಿದ ಮೇಲೆ ಅಳಿಯಂದಿರು ಅವಳ ಕಾರಿಗೆ ಹಿಮದ ಟೈರು ಹಾಕಿಸಿದರು. ಕೀಲಿ ಅವಳ ಬಳಿಯೇ ಇದೆ.

ಮನೆಯಲ್ಲಿ ಪ್ರಯಾಣದ ಲೆಕ್ಕ ಬರೆಯುವಾಗ ಟಿಕೆಟ್ಟಿಗೆ, ಊಟಕ್ಕೆ, ವಸತಿಗೆ ಒಂದೊಂದು ಸಾಲು ಇರುತ್ತದೆ. ಹೆದರಿಕೆಗೂ ಒಂದು ಸಾಲು ಬಿಡಿ. ಅದನ್ನು ತುಂಬಬೇಕಾದವರು ಹೆಚ್ಚಾಗಿ ಸುಮ್ಮನೆ ಕುಳಿತಿರುತ್ತಾರೆ.