ದೂರ ಕಳುಹಿಸಿದ ಹೆಣ್ಣುಮಕ್ಕಳು

ಅಮೆರಿಕದ ಲೇಖಕಿ ಎರಿನ್ ಸಾಲ್ಡಿನ್ ಅವರು ಹರೆಯದವರಿಗಾಗಿ ಬರೆದ ‘ದ ಗರ್ಲ್ಸ್ ಆಫ್ ನೋ ರಿಟರ್ನ್’ ಎಂಬ ಕಾದಂಬರಿಯನ್ನು ನಾವು ಈಚೆಗೆ ಓದಿದೆವು. ಅದು ಪ್ರಕಟವಾದದ್ದು 2012ರಲ್ಲಿ. ಶಾಸ್ತ್ರ, ವ್ಯಾಕರಣಗಳಲ್ಲಿ ಆಯುಷ್ಯ ಕಳೆದವರಿಗೆ ಇಂತಹ ಪುಸ್ತಕವೇಕೆ ಎಂದು ಕೆಲವರು ಕೇಳಿಯಾರು. ಹೆಣ್ಣುಮಕ್ಕಳಿರುವ ಪ್ರತಿಯೊಂದು ಮನೆಯೂ ಯೋಚಿಸಬೇಕಾದ ವಿಷಯ ಇದರಲ್ಲಿದೆ.

ಐಡಹೊ ರಾಜ್ಯದಲ್ಲಿ ಇಪ್ಪತ್ತು ಲಕ್ಷ ಎಕರೆಗೂ ಮಿಗಿಲಾದ ಒಂದು ಸಂರಕ್ಷಿತ ಮಹಾರಣ್ಯವಿದೆ. ಅಲ್ಲಿ ಹರಿಯುವ ಸಾಲ್ಮನ್ ನದಿಯ ರಭಸ ಎಂತಹುದೆಂದರೆ, ಕೆಳಗೆ ಹೋದ ದೋಣಿ ಮತ್ತೆ ಮೇಲೇರಲಾಗದೆ ಅದಕ್ಕೆ ‘ಮರಳಿ ಬಾರದ ನದಿ’ ಎಂದೇ ಹೆಸರಾಯಿತು. ಆ ಕಾಡಿನ ನಡುವೆ ಲೇಖಕಿ ಆಲಿಸ್ ಮಾರ್ಷಲ್ ಎಂಬ ಶಾಲೆಯೊಂದನ್ನು ಕಲ್ಪಿಸಿದ್ದಾರೆ. ಬಾಳು ಹಳಿ ತಪ್ಪಿದ ಐವತ್ತು ಹುಡುಗಿಯರು ಅಲ್ಲಿದ್ದಾರೆ. ಕಥೆ ಹೇಳುವವಳು ಹದಿನಾರರ ಬಾಲೆ ಲೀಡಾ. ತನ್ನನ್ನು ತಾನೇ ಅಳಿಸಿಕೊಳ್ಳಲು ಹವಣಿಸಿದವಳು. ಪ್ರತಿಯೊಬ್ಬಳೂ ಒಂದೊಂದು ಗುಟ್ಟನ್ನು ಕಾಪಾಡಿಕೊಂಡಿದ್ದಾಳೆ. ಒರಟು ಧೈರ್ಯದ ಬೂನ್, ಎಲ್ಲರನ್ನೂ ಮರುಳುಗೊಳಿಸುವ ಜಿಯಾ ಇವರ ನಡುವೆ ಲೀಡಾ ಸ್ನೇಹಕ್ಕಾಗಿ ಹಂಬಲಿಸುತ್ತಾಳೆ. ಗುಟ್ಟುಗಳು ಹೊರಬಿದ್ದಾಗ ಚಾಕುಗಳೂ ಹೊರಬೀಳುತ್ತವೆ.

ಲೀಡಾ ನಮಗೆ ಕೆಟ್ಟ ಹುಡುಗಿಯಾಗಿ ತೋರಲಿಲ್ಲ. ತನ್ನ ನೋವನ್ನು ಹೇಳಿಕೊಳ್ಳಲು ಆಪ್ತರಿಲ್ಲದ ಮಗುವಾಗಿ ತೋರಿದಳು.

ಈ ಶಾಲೆ ಕಲ್ಪನೆಯದಾದರೂ ಇದರ ಹಿಂದೆ ನಿಜವಾದ ಇತಿಹಾಸವಿದೆ. ಆ ದೇಶದಲ್ಲಿ ಹುಡುಗಿಯರಿಗೆಂದೇ ಸರ್ಕಾರ ತೆರೆದ ಮೊದಲ ಸುಧಾರಣಾ ಶಾಲೆ 1856ರಲ್ಲಿ ಮ್ಯಾಸಚೂಸೆಟ್ಸಿನ ಲ್ಯಾಂಕಾಸ್ಟರ್‌ನಲ್ಲಿ ಆರಂಭವಾಯಿತು. ಸೆರೆಮನೆಯಂತಹ ಕಟ್ಟಡ ಬೇಡವೆಂದು ಅಲ್ಲಿ ಚಿಕ್ಕ ಚಿಕ್ಕ ಮನೆಗಳನ್ನು ಕಟ್ಟಿ, ತಾಯಿಯಂತೆ ನೋಡಿಕೊಳ್ಳಲು ಮೇಲ್ವಿಚಾರಕಿಯರನ್ನು ಇರಿಸಿದರು. ಬರಿಯ ಹಠಮಾರಿತನಕ್ಕಾಗಿಯೂ ಬಾಲೆಯರನ್ನು ಅಲ್ಲಿಗೆ ಒಪ್ಪಿಸುತ್ತಿದ್ದರು. ಮಗಳನ್ನು ಮನೆಯಿಂದ ಕಿತ್ತು, ಮನೆಯಂತಹುದೊಂದನ್ನು ಕಟ್ಟಿ ಅದರೊಳಗೆ ಇರಿಸುವುದು ಎಂತಹ ವಿಪರ್ಯಾಸ! ಮುಂದೆ ಖಾಸಗಿ ಸಂಸ್ಥೆಗಳೂ ಈ ಕೆಲಸಕ್ಕಿಳಿದವು. ಮಕ್ಕಳಿಗೆ ಹಿಂಸೆಯಾಗುತ್ತಿದೆಯೆಂಬ ಕೂಗು ಹೆಚ್ಚಿ, 2024ರ ಡಿಸೆಂಬರಿನಲ್ಲಿ ಅದನ್ನು ತಡೆಯುವ ಉದ್ದೇಶದ ಕಾಯಿದೆಯೊಂದು ಅಲ್ಲಿ ಜಾರಿಗೆ ಬಂದಿತು.

ನಾವೂ ಬಾಲ್ಯದಲ್ಲಿಯೇ ಮನೆ ಬಿಟ್ಟು ಮಠದಲ್ಲಿ ಬೆಳೆದವರು. ಆದರೆ ನಮ್ಮನ್ನು ಕಳುಹಿಸಿದ್ದು ನಾಲ್ಕಕ್ಷರ ಕಲಿಯಲೆಂದು. ಹಬ್ಬ ಬಂದರೆ ಮನೆಯಿಂದ ಕರೆ ಬರುತ್ತಿತ್ತು. ಅವ್ವ ರೊಟ್ಟಿ ಕಟ್ಟಿಕೊಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಆದ್ದರಿಂದ ದೂರವಿದ್ದರೂ ನಾವು ಮನೆಗೆ ಬೇಡವಾದವರಾಗಿರಲಿಲ್ಲ. ಲೀಡಾಳಂತಹ ಮಕ್ಕಳಿಗೆ ಈ ಭರವಸೆಯೇ ಇಲ್ಲ.

ತಂದೆತಾಯಂದಿರೇ, ಮಗಳು ಮಾತು ಬಿಟ್ಟಾಗ, ಬಾಗಿಲು ಮುಚ್ಚಿಕೊಂಡು ಕುಳಿತಾಗ, ‘ಜನ ಏನೆಂದಾರು’ ಎಂಬ ಚಿಂತೆ ಮೊದಲು ಹುಟ್ಟುವುದು ಸಹಜ. ಅದನ್ನು ಬದಿಗಿಟ್ಟು, ‘ನಿನಗೇನಾಗಿದೆ ತಾಯಿ’ ಎಂದು ಕೇಳಿರಿ. ಕೇಳಿದ ಮೇಲೆ ಉತ್ತರ ಬರುವವರೆಗೆ ಕಾಯಿರಿ. ವೈದ್ಯರ ನೆರವು ಬೇಕಾದರೆ ನಾಚದೆ ಪಡೆಯಿರಿ. ಮನೆಯಿಂದ ಕೆಲಕಾಲ ಹೊರಗಿರಿಸಬೇಕಾಗಿ ಬಂದರೂ, ಮರಳಿ ಬರುವ ದಾರಿ ತೆರೆದಿದೆಯೆಂದು ಆಕೆಗೆ ತಿಳಿದಿರಲಿ.