ಕೂಡುಕುಟುಂಬ ಮತ್ತು ಕ್ರೌನ್ ಪಿನಿಯನ್

ಮಂಗಳೂರಿನ ಶಕ್ತಿನಗರದಲ್ಲಿ ಹಳೆಯ ಜೀಪು ಸಾಕಿಕೊಂಡವನಿಗೆ ಗುಟ್ಟಿನ ಬದುಕು ಎಂಬುದಿಲ್ಲ. ನಂತೂರು ದಾಟಿ ನಮ್ಮ ಏರು ಹತ್ತುವಷ್ಟರಲ್ಲಿ ನಾನು ಬಂದ ಸುದ್ದಿ ಓಣಿಗೆಲ್ಲ ಮುಟ್ಟಿರುತ್ತದೆ. ಆ ಸದ್ದು ಕೇಳಿಯೇ ಹೆಂಡತಿ ಚಾಕ್ಕೆ ನೀರಿಡುವುದು. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಈ ಸದ್ದಿನೊಳಗೆ ಇನ್ನೊಂದು ಸದ್ದು ಸೇರಿಕೊಂಡಿತು. ಆಕ್ಸಿಲರೇಟರ್ ಒತ್ತಿದರೆ ಹಿಂದಿನಿಂದ ‘ಗುಂಯ್’. ಕಾಲೆತ್ತಿದರೆ ಅದೇ ಇನ್ನೊಂದು ಶ್ರುತಿಯಲ್ಲಿ. ರಿವರ್ಸಿನಿಂದ ಫಸ್ಟ್ ಗೇರಿಗೆ ಬಂದರೆ ‘ಟಕ್’. ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು ಗೇಟಿಗೆ ಬಂದು, “ನಿಮ್ಮ ಜೀಪು ಕೂಗ್ತದಾ ಎಂತ ಮಾರಾಯ್ರೆ?” ಎಂದು ವಿಚಾರಿಸಿದರು.

ಈ ಜೀಪು ಸುಳ್ಯದ ಕಡೆಯ ನಮ್ಮ ಅಡಿಕೆ ತೋಟದ್ದು. ಮಹೀಂದ್ರದವರು 1940ರ ದಶಕದ ಕೊನೆಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ತೊಡಗಿದ ಮೇಲೆ ಮಾಡೆಲುಗಳ ಹೆಸರು ಬದಲಾದವೇ ಹೊರತು ಯುದ್ಧಕಾಲದ ಆ ಎಲುಬಿನ ಗೂಡು ದಶಕಗಟ್ಟಲೆ ಹೆಚ್ಚು ಬದಲಾಗಲಿಲ್ಲ. ಬಸ್ಸು ಹೋಗದ ನಮ್ಮ ಊರುಗಳಿಗೆ ಸರ್ವಿಸ್ ಜೀಪೇ ಗತಿಯಾಗಿತ್ತು. ಅದರಲ್ಲಿ ‘ಫುಲ್’ ಎಂಬ ಮಾತೇ ಇರಲಿಲ್ಲ. ಡ್ರೈವರನ ಅರ್ಧ ಶರೀರ ಹೊರಗೆ, ಹಿಂದೆ ನೇತಾಡುವವರ ಪೂರ್ತಿ ಶರೀರ ಹೊರಗೆ, ಒಳಗೆ ಸುಖವಾಗಿ ಕೂತಿದ್ದದ್ದು ಹಿಂಡಿಯ ಗೋಣಿ ಮಾತ್ರ. ತೋಟ ಪಾಲಾದಾಗ ಅಣ್ಣಂದಿರು ಅಡಿಕೆ ಮರ ತೆಗೆದುಕೊಂಡರು. ಯಾರಿಗೂ ಬೇಡವಾದ ಜೀಪು ಪೇಟೆಯಲ್ಲಿದ್ದ ನನ್ನ ಪಾಲಿಗೆ ಬಂತು.

ಮೊದಲು ಒಂದು ದೊಡ್ಡ ಸರ್ವಿಸ್ ಸೆಂಟರಿಗೆ ಹೋದೆ. ಟೈ ಕಟ್ಟಿದ ಹುಡುಗ ಸ್ಕ್ಯಾನರ್ ಹಿಡಿದು ಸ್ಟೇರಿಂಗಿನ ಕೆಳಗೆ ಬಗ್ಗಿ, ಅದನ್ನು ಸಿಕ್ಕಿಸುವ ಜಾಗ ಸುಮಾರು ಹೊತ್ತು ಹುಡುಕಿದ. ಕೊನೆಗೆ ಎದ್ದು, “ಸ್ಕ್ರ್ಯಾಪಿಗೆ ಹಾಕಿದರೆ ಒಳ್ಳೆಯದು ಸಾರ್” ಎಂದ. ಅಪ್ಪನ ಪರಿಚಯದ ಹಳೆಯ ಮೇಸ್ತ್ರಿಯೊಬ್ಬರು ಪಡೀಲಿನ ಕಡೆ ಇನ್ನೂ ಗ್ಯಾರೇಜು ಇಟ್ಟುಕೊಂಡಿದ್ದಾರೆ. ಅಲ್ಲಿಗೆ ಹೋದೆ.

“ಶಬ್ದ ಎಲ್ಲಿಂದ ಅಂತ ಕಿವಿಯನ್ನು ಪೂರ್ತಿ ನಂಬಬಾರದು. ಈ ತಗಡಿನ ಬಾಡಿ ಸುಳ್ಳು ಹೇಳ್ತದೆ” ಎಂದು ಅವರು ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಬದಿಗಿಟ್ಟರು. “ಬನ್ನಿ, ಇವತ್ತು ಎದುರಿನ ಚಕ್ರದಲ್ಲೇ ಹೋಗುವ.” ಶಕ್ತಿನಗರಕ್ಕೆ ಬಂದ ಮೇಲೆ ಆ ಫೋರ್‌ವೀಲ್ ಲಿವರಿಗೆ ಸಿಕ್ಕಿದ ಮೊದಲ ಕೆಲಸ ಅದು. ಜೀಪು ಮುಂದಿನ ಚಕ್ರಗಳ ಬಲದಲ್ಲೇ ಏರು ಹತ್ತಿತು. ‘ಗುಂಯ್’ ಹೆಚ್ಚುಕಡಿಮೆ ನಿಂತಿತ್ತು. ಕಾಯಿಲೆ ಹಿಂದಿನ ಚಕ್ರಗಳ ನಡುವಿನ ಆಕ್ಸಲ್ ಹೌಸಿಂಗಿನದ್ದೇ ಎಂದು ತೀರ್ಮಾನವಾಯಿತು.

ಶಾಫ್ಟ್ ತಿರುಗಿ ಜೋಡಿಸಿ, ಗೇರಿನಲ್ಲೇ ಇಟ್ಟು, ಜಾಕಿ ಕೊಟ್ಟು ಹಿಂದಿನ ಎರಡೂ ಚಕ್ರ ಎತ್ತಿದರು. ಒಂದನ್ನು ಕೈಯಲ್ಲಿ ಮುಂದಕ್ಕೆ ತಿರುಗಿಸಿದರೆ ಇನ್ನೊಂದು ತಾನಾಗಿ ಹಿಂದಕ್ಕೆ ತಿರುಗಿತು. ಡಿಫರೆನ್ಷಿಯಲ್ ಎಂದರೆ ಇದೇ. 1820ರ ದಶಕದಲ್ಲಿ ಪೆಕ್ಯೂರ್ ಎಂಬ ಫ್ರಾನ್ಸಿನ ಗಡಿಯಾರದ ಕುಶಲಕರ್ಮಿ ಉಗಿಬಂಡಿಗಾಗಿ ಇದಕ್ಕೆ ಪೇಟೆಂಟ್ ಪಡೆದ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಇಬ್ಬರ ಓಟವೂ ಬೇರೆಯಾಗಿದ್ದರೂ ಮನೆ ಮುರಿಯದಂತೆ ನೋಡಿಕೊಳ್ಳುವ ಕೂಡುಕುಟುಂಬದ ಯಜಮಾನಿಕೆ ಇದರದ್ದು. ಕೂಡುಕುಟುಂಬದ ದೋಷವೂ ಇದಕ್ಕುಂಟು: ಒಂದು ಚಕ್ರ ಕೆಸರಿಗೆ ಬಿದ್ದರೆ ಅದು ಸುಮ್ಮನೆ ಗಿರಗಿರ ತಿರುಗುತ್ತದೆ, ಗಟ್ಟಿ ನೆಲದ ಮೇಲಿರುವವನು ಕೈಕಟ್ಟಿ ನಿಂತುಬಿಡುತ್ತಾನೆ. ನಮ್ಮ ಮನೆಯಲ್ಲಿ ಯಾರು ಯಾವ ಚಕ್ರವಾಗಿದ್ದರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅಣ್ಣಂದಿರೂ ಪತ್ರಿಕೆ ಓದುತ್ತಾರೆ.

ಹೌಸಿಂಗಿನಿಂದ ಇಳಿದ ಆಯಿಲ್ ಕಪ್ಪಾಗಿರಲಿಲ್ಲ, ಬಿಳಿಚಿಕೊಂಡಿತ್ತು. ಮೇಸ್ತ್ರಿ ಎರಡು ಬೆರಳ ನಡುವೆ ಅದನ್ನು ಉಜ್ಜಿ ಬಿಸಿಲಿಗೆ ಹಿಡಿದರು. ಉಕ್ಕಿನ ಪುಡಿ ಮಿನುಗಿತು. “ನೀರು ಕುಡಿದಿದೆ. ತೋಡು ದಾಟಿದ್ದೀರಲ್ಲ?” ಆಟಿ ತಿಂಗಳ ಮಳೆಯಲ್ಲಿ ಊರಿಗೆ ಹೋಗಿದ್ದು ನಿಜ, ಅಪ್ಪನ ಕಾಲದಿಂದ ಈ ಜೀಪು ದಾಟುತ್ತಿದ್ದ ತೋಡೇ ಅದು. ಮೇಸ್ತ್ರಿ ಹೌಸಿಂಗಿನ ನೆತ್ತಿಯ ಮೇಲಿದ್ದ ಪುಟ್ಟ ಬ್ರೀದರ್ ಬಿಚ್ಚಿ ತೋರಿಸಿದರು. ತೂತು ಕೆಸರಿನಿಂದ ಗಟ್ಟಿಯಾಗಿ ಮುಚ್ಚಿಹೋಗಿತ್ತು. ಓಡಿ ಬಿಸಿಯಾದ ಹೌಸಿಂಗ್ ತಣ್ಣನೆಯ ನೀರಿಗಿಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಉಸಿರೆಳೆಯಲು ಬೇರೆ ದಾರಿಯಿಲ್ಲದೆ ಆಯಿಲ್ ಸೀಲಿನ ಸಂದಿನಿಂದ ನೀರನ್ನೇ ಹೀರಿಕೊಳ್ಳುತ್ತದೆ. ಆ ನೀರು, ಶಾಫ್ಟಿನ ತಿರುಗನ್ನು ಒಳಗೆ ತರುವ ಪಿನಿಯನ್ ಗೇರಿನ ಬೇರಿಂಗನ್ನು ತಿಂದಿತ್ತು.

ಪಿನಿಯನ್ ಮತ್ತು ಅದು ತಿರುಗಿಸುವ ಕ್ರೌನ್ ಎಂಬ ದೊಡ್ಡ ಗೇರಿನ ಹಲ್ಲುಗಳು ಮಾತ್ರ ಉಳಿದಿದ್ದವು, ನನ್ನ ಪುಣ್ಯ. ಅವನ್ನು ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ. ಒಂದು ಹೋದರೆ ಎರಡನ್ನೂ ಬದಲಿಸಬೇಕು. ಹೊಸ ಬೇರಿಂಗು, ಹೊಸ ಸೀಲು ಬಂದವು. ಆಮೇಲಿನದು ಶಿಮ್ ಎಂಬ ತೆಳು ತಗಡಿನ ಬಳೆಗಳ ಲೆಕ್ಕ. ಹಲ್ಲುಗಳ ನಡುವಿನ ಪ್ಲೇ ಕಾಲು ಮಿಲಿಮೀಟರನ್ನೂ ಮೀರಬಾರದು. ಇಲ್ಲವೇ ಇಲ್ಲ ಎಂದೂ ಆಗಬಾರದು. ಹಲ್ಲಿಗೆ ಬಣ್ಣ ಸವರುವುದು, ತಿರುಗಿಸುವುದು, ಗುರುತು ಹಲ್ಲಿನ ನಡುವೆ ಬಿದ್ದಿದೆಯೇ ನೋಡುವುದು, ಪುನಃ ಬಿಚ್ಚಿ ಒಂದು ಶಿಮ್ ಬದಲಿಸುವುದು. ಡಯಲ್ ಗೇಜ್ ಸರಿ ಎಂದ ಮೇಲೂ ಮೇಸ್ತ್ರಿ ಕಣ್ಣು ಮುಚ್ಚಿ ಕೈಯಿಂದ ಒಮ್ಮೆ ಅಲ್ಲಾಡಿಸಿ ನೋಡಿದರು. “ಈ ಕೆಲಸ ಕಲಿಯುವುದಕ್ಕೆ ಹುಡುಗರು ಬರ್ತಾರಾ?” ಎಂದು ಕೇಳಿದೆ. “ಬಂದು ಎಂತ ಮಾಡುವುದು? ಕಲಿಸುವುದಕ್ಕೆ ಗಾಡಿ ಬೇಕಲ್ಲ!” ಎಂದು ನಕ್ಕರು. ಅವರ ಮಗ ದುಬೈಯಲ್ಲಿದ್ದಾನೆ.

ಹಳೆಯ ಜೀಪು ಇಟ್ಟುಕೊಂಡವರಿಗೆ ನನ್ನದೊಂದು ಮಾತು. ಕ್ರೌನ್ ಪಿನಿಯನ್ ಹೋಯಿತು ಎಂದು ಯಾರಾದರೂ ಹೇಳಿದರೆ ಹಣ ಎಣಿಸುವ ಮೊದಲು ಬ್ರೀದರ್ ಬಿಚ್ಚಿ ನೋಡಿ. ನೀರಿಗಿಳಿಸಿದ್ದರೆ ಮಳೆಗಾಲ ಮುಗಿದ ಕೂಡಲೇ ಹೌಸಿಂಗಿನ ಆಯಿಲ್ ಬದಲಿಸಿ. ಸದ್ದಿನ ಬೆನ್ನು ಹಿಡಿದು ಕಾಯಿಲೆ ಹುಡುಕಬಲ್ಲ ಮೇಸ್ತ್ರಿಯೊಬ್ಬರು ನಿಮ್ಮೂರಿನಲ್ಲಿ ಇನ್ನೂ ಶಟರ್ ಎತ್ತುತ್ತಿದ್ದರೆ, ರಿಪೇರಿಯನ್ನು ಮುಂದಿನ ವರ್ಷಕ್ಕೆ ಇಡಬೇಡಿ.