ಅತ್ತಿಗೆ ಒತ್ತಿ ನೋಡಿದ ಕ್ಲಚ್

ಮೂಡಿಗೆರೆ ಕಡೆಯ ಒಂದು ಗುಡ್ಡದ ಮೇಲೆ ನಮ್ಮದು ನಾಲ್ಕೇ ಮನೆ. ಟಾರು ರಸ್ತೆ ಕೆಳಗಿನ ಮೋರಿಯ ಹತ್ತಿರ ಮುಗಿಯುತ್ತದೆ. ಆಂಬುಲೆನ್ಸ್ ಬಂದರೂ ಅಲ್ಲಿಯ ತನಕವೇ. ಅಲ್ಲಿಂದ ಮೇಲೆ ಎರಡು ಕಿಲೋಮೀಟರ್ ಮಣ್ಣಿನ ಏರು. ಮಳೆಗಾಲದಲ್ಲಿ ಆ ಏರು ಹತ್ತುವ ಗಾಡಿ ನಮ್ಮ ಹಳೇ ಮಾರುತಿ ಜಿಪ್ಸಿ ಒಂದೇ. ಮೆಣಸಿನ ಮೂಟೆ, ಗೊಬ್ಬರ, ಗ್ಯಾಸ್ ಸಿಲಿಂಡರ್ ಎಲ್ಲಾ ಅದರಲ್ಲೇ. ಪಕ್ಕದ ಮನೆ ಅಜ್ಜ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹೋಗುವುದೂ ಅದರಲ್ಲೇ. ಹಾಗಾಗಿ ಕಳೆದ ಬೇಸಿಗೆಯಲ್ಲಿ ಅದರ ಕ್ಲಚ್ ಜಾರಲು ಶುರುವಾದಾಗ ನಾಲ್ಕೂ ಮನೆಗೆ ಚಿಂತೆ ಹತ್ತಿತು.

ಕ್ಲಚ್ ಜಾರುವುದು ಗೊತ್ತಾಗುವುದು ಹೀಗೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಸದ್ದು ಏರುತ್ತದೆ, ಗಾಡಿ ಮಾತ್ರ ಅಷ್ಟೇ ನಿಧಾನ. ಜೊತೆಗೆ ಸುಟ್ಟ ವಾಸನೆ. ಇಂಜಿನ್ ಹಿಂದೆ ತಿರುಗುವ ಫ್ಲೈವೀಲ್ ಇದೆ. ಅದಕ್ಕೂ ಪ್ರೆಶರ್ ಪ್ಲೇಟಿಗೂ ನಡುವೆ ಕ್ಲಚ್ ಪ್ಲೇಟು ಸಿಕ್ಕಿಕೊಂಡಿರುತ್ತದೆ. ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಅದನ್ನು ಬಿಗಿಯಾಗಿ ಒತ್ತಿ ಹಿಡಿದಾಗ ಇಂಜಿನ್ನಿನ ಬಲ ಗೇರ್‌ಬಾಕ್ಸಿಗೆ ಹೋಗುತ್ತದೆ. ನಾವು ಪೆಡಲ್ ತುಳಿದಾಗ ಆ ಹಿಡಿತ ಬಿಡುತ್ತದೆ. ಪ್ಲೇಟು ಸವೆದರೆ ಹಿಡಿತ ಸಾಲುವುದಿಲ್ಲ.

ಮೂರು ವರ್ಷದಲ್ಲಿ ಇದು ಎರಡನೇ ಪ್ಲೇಟು. ಅದಕ್ಕೇ ಅಣ್ಣ, "ಈ ಸಲ ರ‍್ಯಾಲಿಯವರು ಹಾಕುವ ಕ್ಲಚ್ಚೇ ಹಾಕಿಬಿಡೋಣ" ಅಂದ. ಚಿಕ್ಕಮಗಳೂರು ಸುತ್ತಮುತ್ತ ಎಸ್ಟೇಟ್ ರಸ್ತೆಗಳಲ್ಲಿ ಕಾರ್ ರ‍್ಯಾಲಿ ನಡೆಯುವುದು ನಿಮಗೆ ಗೊತ್ತೇ ಇದೆ. ಅಲ್ಲಿ ಜಿಪ್ಸಿಗಳೂ ಓಡುತ್ತವೆ. ಓಡಿಸುವವರು ಆಗಾಗ ಸಾಮಾನು ಬದಲಾಯಿಸುತ್ತಾರೆ, ಹಳೆಯದನ್ನು ಮಾರುತ್ತಾರೆ. ಹಾಗೆ ಮಾರುವ ಒಬ್ಬರ ನಂಬರ್ ನಮ್ಮ ಮೇಸ್ತ್ರಿ ಹತ್ತಿರ ಇತ್ತು. ಅವರಲ್ಲಿ ಎರಡು ಸೆಟ್ ಇದ್ದವು. ಎರಡೂ ನಮ್ಮ ಗಾಡಿಯದೇ 1.3 ಲೀಟರ್ ಪೆಟ್ರೋಲ್ ಇಂಜಿನ್ನಿನವು. ಆದ್ದರಿಂದ ಬೋಲ್ಟ್ ತೂತು, ಹಲ್ಲಿನ ಲೆಕ್ಕ ಹೊಂದುತ್ತಿತ್ತು.

ಮೊದಲನೆಯದು ಪೂರ್ತಿ ರೇಸಿನದು. ಅದರ ಪ್ಲೇಟಿನಲ್ಲಿ ಸುತ್ತ ಪೂರ್ತಿ ಲೈನಿಂಗ್ ಇರಲಿಲ್ಲ, ಬಿಸ್ಕತ್ತಿನಂಥ ಆರು ಗಟ್ಟಿ ತುಂಡುಗಳಿದ್ದವು. ಲೋಹದ ಪುಡಿಯನ್ನು ಕಾಯಿಸಿ ಮಾಡಿದವು. ಚೆನ್ನಾಗಿ ಬಿಸಿಯಾದರೂ ಬೇಗ ಹಿಡಿತ ಬಿಡುವುದಿಲ್ಲ. ಎರಡನೆಯದಕ್ಕೆ ಮಾಮೂಲಿ ಲೈನಿಂಗ್, ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಮಾತ್ರ ಹೆಚ್ಚು ಬಿಗಿ. ಇದು ಅವರು ಅಭ್ಯಾಸಕ್ಕೆ ಇಟ್ಟುಕೊಂಡಿದ್ದ ಗಾಡಿಯಲ್ಲಿ ಇನ್ನೂ ಇತ್ತು. ಮೊದಲನೆಯದರಂಥದೇ ಇನ್ನೊಂದು ಅವರ ರ‍್ಯಾಲಿ ಗಾಡಿಯಲ್ಲಿತ್ತು.

ಅಣ್ಣನಿಗೆ ಮೊದಲನೆಯದರ ಮೇಲೇ ಕಣ್ಣು. ಆಗ ಅತ್ತಿಗೆ, "ಎರಡು ಗಾಡಿಯಲ್ಲೂ ನಾನೊಂದು ಸಲ ಕೂತು ನೋಡ್ತೀನಿ" ಅಂದರು. ಅಣ್ಣ ತೋಟದ ಕೆಲಸಕ್ಕೆ ಹೊರಗೆ ಹೋದ ದಿನ ಅಜ್ಜನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಅತ್ತಿಗೆಯೇ. ರ‍್ಯಾಲಿ ಗಾಡಿಯ ಪೆಡಲನ್ನು ಹತ್ತು ಸಲ ಒತ್ತುವಷ್ಟರಲ್ಲಿ ಅವರ ಮಂಡಿ ನಡುಗಿತು. ಬಿಟ್ಟಾಗ ಗಾಡಿ ಕಪ್ಪೆಯ ಹಾಗೆ ಹಾರಿ ನಿಂತಿತು. ಆ ಜಾತಿಯ ಕ್ಲಚ್ ಇರುವುದೇ ಹಾಗೆ, ಹಿಡಿದರೆ ಪೂರ್ತಿ, ಬಿಟ್ಟರೆ ಪೂರ್ತಿ. ಕೆಸರಿನ ಏರಿನಲ್ಲಿ, ಹಿಂದೆ ಕಾಯಿಲೆಯವರು ಕೂತಿರುವಾಗ, ಮೆಲ್ಲಗೆ ಬಿಡುವ ಆಟ ಅದರಲ್ಲಿ ನಡೆಯುವುದಿಲ್ಲ. ಆ ಎಳೆತದ ಪೆಟ್ಟು ಗೇರ್‌ಬಾಕ್ಸಿಗೂ ಬೀಳುತ್ತದೆ, ಫ್ಲೈವೀಲೂ ಬೇಗ ಸವೆಯುತ್ತದೆ. ಎರಡನೇ ಗಾಡಿಯಲ್ಲಿ ಅತ್ತಿಗೆ ಮೂವತ್ತು ಸಲ ಒತ್ತಿದರು. "ನಮ್ಮದಕ್ಕಿಂತ ಗಟ್ಟಿ ಇದೆ, ಆದ್ರೆ ಆಗುತ್ತೆ" ಅಂದರು. ಮಾತು ಅಲ್ಲಿಗೆ ಮುಗಿಯಿತು.

ಸೆಟ್ ಬಿಚ್ಚಿದ ಮೇಲೆ ದುಡ್ಡು ಕೊಡುವ ಮುಂಚೆ ಮೇಸ್ತ್ರಿ ಒಂದೊಂದೇ ನೋಡಿದರು. ಸೆಕೆಂಡ್ ಹ್ಯಾಂಡ್ ಕ್ಲಚ್ ಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಿ.

ಲೈನಿಂಗ್ ಮೇಲ್ಮೈಯಿಂದ ರಿವೆಟ್ಟಿನ ತಲೆ ಎಷ್ಟು ಒಳಗಿದೆ ಎಂದು ವರ್ನಿಯರ್‌ನಲ್ಲಿ ಅಳೆಯಬೇಕು. ಅರ್ಧ ಮಿಲಿಮೀಟರ್‌ಗೆ ಇಳಿದಿದ್ದರೆ ಆ ಪ್ಲೇಟು ಬೇಡ. ಇದರಲ್ಲಿ ಹತ್ತಿರ ಹತ್ತಿರ ಒಂದು ಮಿಲಿಮೀಟರ್ ಇತ್ತು. ಪ್ರೆಶರ್ ಪ್ಲೇಟಿನ ಮೇಲೆ ನೀಲಿ ಕಲೆ ಇದ್ದರೆ ಅದು ವಿಪರೀತ ಕಾದಿದೆ ಎಂದರ್ಥ. ಕೂದಲೆಳೆಯಂಥ ಬಿರುಕು ಕಂಡರೆ ಮುಟ್ಟಲೇಬೇಡಿ. ಉಕ್ಕಿನ ಅಳತೆಪಟ್ಟಿ ಅಡ್ಡ ಇಟ್ಟರೆ ಪ್ಲೇಟು ಸೊಟ್ಟಗಾಗಿದೆಯೋ ಇಲ್ಲವೋ ತಿಳಿಯುತ್ತದೆ. ನಡುವಿನ ಸ್ಪ್ರಿಂಗ್ ಬೆರಳುಗಳೆಲ್ಲ ಒಂದೇ ಎತ್ತರದಲ್ಲಿರಬೇಕು. ಪ್ಲೇಟಿನ ಸಣ್ಣ ಸ್ಪ್ರಿಂಗುಗಳು ಗಡಗಡ ಅಲ್ಲಾಡಬಾರದು. ಲೈನಿಂಗ್ ಎಣ್ಣೆ ಕುಡಿದಿದ್ದರೆ ಎಷ್ಟೇ ದಪ್ಪ ಇದ್ದರೂ ಪ್ರಯೋಜನವಿಲ್ಲ.

ಅವರು ಏಳು ಸಾವಿರ ಹೇಳಿದ್ದರು, ಐದಕ್ಕೆ ಒಪ್ಪಿದರು.

ಫಿಟ್ಟಿಂಗ್ ಒಂದು ದಿನದ ಕೆಲಸ. ಜಿಪ್ಸಿಯಲ್ಲಿ ಗೇರ್‌ಬಾಕ್ಸ್ ಬೇರೆ, ಫೋರ್ ವೀಲ್‌ಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಬೇರೆ. ಎರಡರ ನಡುವೆ ಒಂದು ಚಿಕ್ಕ ಶಾಫ್ಟ್. ಅದನ್ನು ಬಿಚ್ಚಿದರೆ ಗೇರ್‌ಬಾಕ್ಸನ್ನು ಮಾತ್ರ ಇಳಿಸಬಹುದು. ಒಳಗಿನ ಕಪ್ಪು ಪುಡಿಯನ್ನು ಮೇಸ್ತ್ರಿ ಗಾಳಿ ಹೊಡೆದು ಹಾರಿಸಲಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರು. ಹಳೇ ಕ್ಲಚ್ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದರ ಧೂಳು ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶಕ್ಕೆ ಅಪಾಯ. ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗರಿಗೆ ಇದನ್ನು ಯಾರಾದರೂ ಹೇಳಲೇಬೇಕು.

ಕ್ಲಚ್ ಹಳೆಯದಾದರೂ ಮೂರು ಸಾಮಾನು ಹೊಸತೇ ತಂದೆವು. ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಕ್ಲಚ್ ಕೇಬಲ್. ಬೇರಿಂಗಿನಲ್ಲಿ ಉಳಿಸಿದ ದುಡ್ಡು ಮತ್ತೆ ಗೇರ್‌ಬಾಕ್ಸ್ ಇಳಿಸುವ ಕೂಲಿಗೆ ಹೋಗುತ್ತದೆ. ಸ್ಪ್ರಿಂಗ್ ಬಿಗಿ ಇರುವಾಗ ಹಳೇ ಕೇಬಲ್ ದಾರಿಯಲ್ಲೇ ತುಂಡಾಗಬಹುದು. ಫ್ಲೈವೀಲನ್ನು ಲೇತ್‌ಗೆ ಕೊಟ್ಟು ಮೇಲ್ಮೈ ಸಮ ಮಾಡಿಸಿದೆವು. ಇಂಜಿನ್ ಹಿಂದಿನ ಆಯಿಲ್ ಸೀಲ್ ಒಣಗಿದೆಯೇ, ಒಸರುತ್ತಿದೆಯೇ ಎಂದು ನೋಡಲು ಇದೇ ಸಮಯ. ಪ್ಲೇಟು ಸರಿಯಾಗಿ ನಡುವಿಗೆ ಕೂರಲು ಮೇಸ್ತ್ರಿ ಗುಜರಿಯಿಂದ ತಂದಿಟ್ಟುಕೊಂಡಿದ್ದ ಹಳೇ ಗೇರ್‌ಬಾಕ್ಸ್ ಶಾಫ್ಟನ್ನೇ ತೂರಿಸಿದರು. ಬೋಲ್ಟುಗಳನ್ನು ಎದುರು ಬದುರು, ಸ್ವಲ್ಪ ಸ್ವಲ್ಪವೇ ಬಿಗಿದರು. ಒಂದೇ ಕಡೆ ಬಿಗಿದರೆ ಪ್ಲೇಟು ಸೊಟ್ಟಗಾಗುತ್ತದೆ. ಕೊನೆಗೆ ಪೆಡಲಿಗೆ ಮೇಲ್ಗಡೆ ಸ್ವಲ್ಪ ಸಡಿಲ ಬಿಟ್ಟು ಕೇಬಲ್ ಅಡ್ಜಸ್ಟ್ ಮಾಡಿದರು. ಸಡಿಲವೇ ಇಲ್ಲದಿದ್ದರೆ ಹೊಸ ಕ್ಲಚ್ಚೂ ಜಾರಿ ಸುಡುತ್ತದೆ.

ಸೆಟ್ಟು, ಬೇರಿಂಗು, ಕೇಬಲ್, ಲೇತು, ಕೂಲಿ ಎಲ್ಲಾ ಸೇರಿ ಹತ್ತೂವರೆ ಸಾವಿರ ಆಯಿತು. ನಾಲ್ಕು ಮನೆಯವರೂ ಪಾಲು ಹಾಕಿದರು. ಅಜ್ಜ ತಮ್ಮ ಪಿಂಚಣಿಯಿಂದ ಐನೂರು ತಂದು ಕೊಟ್ಟರು. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆಂದು ತೆಗೆದುಕೊಂಡೆವು.

ಗಾಡಿ ಕೊಡುವಾಗ ಮೇಸ್ತ್ರಿ ಒಂದು ಮಾತು ಹೇಳಿದರು. "ಕ್ಲಚ್ ಸುಡೋದು ಲೋಡಿಂದ ಅಲ್ಲ, ಕಾಲಿಂದ." ಹಾಫ್ ಕ್ಲಚ್‌ನಲ್ಲಿ ಏರು ಹತ್ತಿಸುವುದು, ಸುಮ್ಮನಿರುವಾಗಲೂ ಪೆಡಲ್ ಮೇಲೆ ಪಾದ ಇಟ್ಟುಕೊಳ್ಳುವುದು, ಎಂಥ ಕ್ಲಚ್ಚನ್ನಾದರೂ ತಿನ್ನುತ್ತದೆ. ಮಣ್ಣಿನ ಏರು ಶುರುವಾಗುವ ಮೊದಲೇ ಗಾಡಿ ನಿಲ್ಲಿಸಿ ಫೋರ್ ವೀಲ್ ಲೋಗೆ ಹಾಕಿದರೆ ಕ್ಲಚ್ಚಿನ ಮೇಲಿನ ಭಾರ ಸಾಕಷ್ಟು ಕಡಿಮೆಯಾದ ಹಾಗೆ. ಟಾರು ರಸ್ತೆಗೆ ಬಂದ ಕೂಡಲೇ ಅದನ್ನು ತೆಗೆಯಬೇಕು ಅಷ್ಟೇ. ಈಗ ಮೋರಿಯ ಹತ್ತಿರ ನಿಂತು ಲಿವರ್ ಬದಲಾಯಿಸುವುದು ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ರೂಢಿಯಾಗಿದೆ.

ಒಂದು ಮಳೆಗಾಲ ಕಳೆಯಿತು. ಅಜ್ಜನ ಒಂದು ಡಯಾಲಿಸಿಸ್ಸೂ ಗಾಡಿಯಿಂದಾಗಿ ತಪ್ಪಲಿಲ್ಲ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಲ ಸ್ಟಿಯರಿಂಗ್ ಹಿಡಿದದ್ದು ಅತ್ತಿಗೆ. ಹೆಚ್ಚು ಬಲದ ಸಾಮಾನು ಹಾಕುವ ಆಸೆ ನಿಮಗಿದ್ದರೆ, ಅದು ಎಷ್ಟು ಬಲ ತಡೆಯುತ್ತದೆ ಎಂದು ಕೇಳುವಾಗಲೇ, ನಿಮ್ಮ ಮನೆಯಲ್ಲಿ ಆ ಗಾಡಿಯನ್ನು ಯಾರ‍್ಯಾರು ಓಡಿಸುತ್ತಾರೆ ಎಂದೂ ಲೆಕ್ಕ ಹಾಕಿ. ಕೊಳ್ಳುವ ದಿನ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.